ಎರಡು ತಲೆಯ ಹಕ್ಕಿ, ಚಾಲುಕ್ಯ ದೊರೆಯ ವರಾಹ

ಫ್ರಾಂಕ್‌ಫರ್ಟಿನಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಆ ಊರಿನ ಲಾಂಛನ ಚೆನ್ನಾಗಿ ಗೊತ್ತು: ಕೆಂಪು ಗುರಾಣಿಯ ಮೇಲೆ ಕಿರೀಟ ತೊಟ್ಟ ಬಿಳಿ ಹದ್ದು. ಬರ್ಲಿನ್ನಿನ ಕರಡಿಯೂ ಗೊತ್ತು. ಕರ್ನಾಟಕದ್ದು ಯಾವುದು ಎಂದು ಕೇಳಿದರೆ ಮಾತ್ರ ಅಪ್ಪ-ಅಮ್ಮನ ಮುಖ ನೋಡುತ್ತಾರೆ.

ಅದೂ ಕೆಂಪು ಗುರಾಣಿಯೇ ಮಕ್ಕಳೇ, ಹಕ್ಕಿಯೂ ಬಿಳಿಯದೇ. ಆದರೆ ಇದಕ್ಕೆ ತಲೆ ಎರಡು! ಹೆಸರು ಗಂಡಭೇರುಂಡ. ಅಕ್ಕಪಕ್ಕ ಕಾವಲಿಗೆ ಆನೆಯ ತಲೆ, ಸಿಂಹದ ಮೈಯ ಶರಭಗಳು. ಮೇಲೆ ಅಶೋಕನ ಸಿಂಹಗಳು. ಮೈಸೂರು ಒಡೆಯರಿಂದ ರಾಜ್ಯಕ್ಕೆ ಬಂದ ಬಳುವಳಿಯಿದು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಂತೂ ಈ ಹಕ್ಕಿ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನೇ ಎತ್ತಿಕೊಂಡು ಹೊರಟಿದೆ. ಕೊಪ್ಪಳದ ಕಡೆ ಓದಿದ ನಮ್ಮ ತಲೆಮಾರಿನವರು ಇದನ್ನು ಪುಸ್ತಕದಲ್ಲಿ ಕಂಡದ್ದಕ್ಕಿಂತ ಕೆಂಪು ಸರ್ಕಾರಿ ಬಸ್ಸಿನ ಮೈಮೇಲೆ ಕಂಡದ್ದೇ ಹೆಚ್ಚು.

ಜರ್ಮನ್ ಚಕ್ರವರ್ತಿಗಳ ಎರಡು ತಲೆಯ ಹದ್ದು ಅಧಿಕೃತ ಲಾಂಛನವಾದದ್ದು 15ನೇ ಶತಮಾನದಲ್ಲಿ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಗಂಡಭೇರುಂಡದ ಕಂಬ ನಿಂತದ್ದು 1047ರಲ್ಲಿ. ಹಾಗೆಂದು ಶಾಲೆಯಲ್ಲಿ ಜಂಬ ಕೊಚ್ಚಬೇಡಿ. ಟರ್ಕಿಯಲ್ಲಿ ಪ್ರಾಚೀನ ಹಿಟ್ಟೈಟರು ಕೆತ್ತಿದ ಎರಡು ತಲೆಯ ಹದ್ದು ಇವೆರಡಕ್ಕಿಂತಲೂ ಬಹಳ ಹಳೆಯದು.

ಆ ಕಂಬ ನೆಟ್ಟ ಕಾಲದಲ್ಲಿ ನಾಡನ್ನು ಆಳುತ್ತಿದ್ದವರು ಕಲ್ಯಾಣದ ಚಾಲುಕ್ಯರು. ಅವರ ಸ್ವಂತ ಲಾಂಛನ ಮಾತ್ರ ವರಾಹ, ಅಂದರೆ ಹಂದಿ. ಅದು ನಾರಾಯಣನ ಕೃಪೆಯಿಂದ ಬಂದದ್ದೆಂದು ಚಾಲುಕ್ಯರ ಶಾಸನಗಳು ಹೇಳಿಕೊಳ್ಳುತ್ತವೆ. ಚಿನ್ನದ ನಾಣ್ಯಕ್ಕೂ ವರಾಹ ಎಂದೇ ಹೆಸರಾಯಿತು. ಗಂಗರಿಗೆ ಆನೆ, ರಾಷ್ಟ್ರಕೂಟರಿಗೆ ಗರುಡ, ಹೊಯ್ಸಳರಿಗೆ ಹುಲಿ ಇರಿಯುವ ಸಳ. ಗಂಗಾವತಿ ಪಕ್ಕದ ಆನೆಗೊಂದಿ, ಅದರಾಚೆಯ ಹಂಪಿಯ ದೊರೆಗಳು ಮತ್ತೆ ವರಾಹವನ್ನೇ ಹಿಡಿದರು. ಜೊತೆಗೆ ಖಡ್ಗ, ಸೂರ್ಯ, ಚಂದ್ರ.

ಈ ವರಾಹ ಲಾಂಛನದ ದೊರೆಗಳಲ್ಲಿ ದೊಡ್ಡವನು ಆರನೆಯ ವಿಕ್ರಮಾದಿತ್ಯ. ಅವನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯಲ್ಲಿ ಗುಡಿ ಕಟ್ಟಿಸಿದ. ಇಟಗಿ ಕೊಪ್ಪಳದ ಕಡೆಯೇ, ಕುಕನೂರಿಗೆ ಹತ್ತಿರ. ಬಳಪದ ಕಲ್ಲಿನ ಕಂಬಗಳನ್ನು ಕಡೆದ ರೀತಿ, ಬಾಗಿಲವಾಡದ ಬಳ್ಳಿಗಳ ನಯ, ಒಂದರ ಮೇಲೊಂದು ಏರುವ ಶಿಖರದ ಅಂತಸ್ತು, ಮುಂದಿನ ಪುಷ್ಕರಣಿ... ಬರೆಯಹೊರಟರೆ ಸಂಚಿಕೆಯೇ ಸಾಲದು. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದದ್ದರಲ್ಲಿ ಉತ್ಪ್ರೇಕ್ಷೆಯೇನಿಲ್ಲ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಬೆಂಗಳೂರಿನ ಮಾಲುಗಳಲ್ಲೇ ಸುತ್ತಿಸಿ ಕರೆತರಬೇಡಿ. ಹಂಪಿಗೆ ಹೊರಟವರು ಇಟಗಿಗೂ ಅರ್ಧ ದಿನ ಇಡಿ. ಮಕ್ಕಳು ಬಿಡಿಸಿದ ಗಂಡಭೇರುಂಡ, ವರಾಹದ ಚಿತ್ರಗಳನ್ನು ಮುಂದಿನ ಸಂಚಿಕೆಗೆ ಕಳಿಸಿಕೊಡಿ.