ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (17 ಜುಲೈ 1837 – 10 ಜುಲೈ 1927) ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿ, ವಿಂಗಡಿಸಿ, ಕ್ರಮಸಂಖ್ಯೆ ನೀಡಿ ಪ್ರಕಟಿಸಿದ ವಿದ್ವಾಂಸರು, ಶಿಕ್ಷಣಾಧಿಕಾರಿ ಹಾಗೂ ಗ್ರಂಥಸಂಪಾದಕರು. ಮೈಸೂರು ಸಂಸ್ಥಾನ ಮತ್ತು ಕೊಡಗಿನ ಸುಮಾರು 9,000 ಶಾಸನಗಳನ್ನು ಒಳಗೊಂಡ ಹನ್ನೆರಡು ಸಂಪುಟಗಳ 'ಎಪಿಗ್ರಾಫಿಯಾ ಕರ್ನಾಟಿಕ' ಅವರ ಜೀವಮಾನದ ಸಾಧನೆ. ಈ ಕಾರ್ಯಕ್ಕಾಗಿ ಅವರನ್ನು ಕನ್ನಡಿಗರು 'ಶಾಸನ ಪಿತಾಮಹ' ಎಂದು ಗೌರವದಿಂದ ನೆನೆಯುತ್ತಾರೆ.

ಜನನ ಮತ್ತು ಮನೆತನ

ರೈಸ್ ಅವರು ಬೆಂಗಳೂರಿನಲ್ಲಿ ಜನಿಸಿದರು. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ ಸಂಸ್ಥೆಯ ಪಾದ್ರಿಗಳಾಗಿ 1837ರಲ್ಲಿಯೇ ಬೆಂಗಳೂರಿಗೆ ಬಂದವರು. ಮನೆಯ ಹೊರಗೆ ಕನ್ನಡ ಕೇಳುತ್ತ ಬೆಳೆದ ಬಾಲಕನಿಗೆ ಆ ಭಾಷೆ ಪರಕೀಯವಾಗಿರಲಿಲ್ಲ. ವಿದ್ಯಾಭ್ಯಾಸ ಇಂಗ್ಲೆಂಡಿನಲ್ಲಿ ನಡೆಯಿತು. ಅವರ ಸಹೋದರ ಎಡ್ವರ್ಡ್ ಪಿ. ರೈಸ್ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಪ್ರಸಿದ್ಧರಾದರು. ಲೂಯಿಸ್ ರೈಸ್ ಅವರು ಮೈಸೂರು ಸಂಸ್ಥಾನದ ಹಿರಿಯ ಶಿಕ್ಷಣಾಧಿಕಾರಿ ಜಾನ್ ಗ್ಯಾರೆಟ್ ಅವರ ಪುತ್ರಿಯನ್ನು ವಿವಾಹವಾದರು.

ಶಿಕ್ಷಣ ಇಲಾಖೆಯಲ್ಲಿ ಸೇವೆ

1860ರಲ್ಲಿ ಭಾರತಕ್ಕೆ ಮರಳಿದ ರೈಸ್ ಅವರು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಇದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1865ರಲ್ಲಿ ಮೈಸೂರು ಮತ್ತು ಕೊಡಗು ಪ್ರಾಂತ್ಯಗಳ ಶಾಲಾ ತನಿಖಾಧಿಕಾರಿಯಾಗಿ ನೇಮಕಗೊಂಡು, ನಂತರ ವಿದ್ಯಾ ಇಲಾಖೆಯ ನಿರ್ದೇಶಕ ಹುದ್ದೆಗೆ ಏರಿದರು.

ಆಗ ಸರ್ಕಾರಿ ಶಾಲೆಗಳು ಹೆಚ್ಚಾಗಿ ಪಟ್ಟಣಗಳಲ್ಲಿ ಮಾತ್ರ ಇದ್ದವು. ಪ್ರತಿಯೊಂದು ಹೋಬಳಿಗೂ ಒಂದು ಶಾಲೆ ಇರಬೇಕೆಂಬ ಯೋಜನೆಯನ್ನು 1868ರಲ್ಲಿ ರೈಸ್ ಅವರು ರೂಪಿಸಿದರು. ರೈತಾಪಿ ಮಕ್ಕಳಿಗೆ ಮಾತೃಭಾಷೆಯಲ್ಲಿ ಓದು, ಬರಹ, ಲೆಕ್ಕ ಕಲಿಸುವುದು ಈ ಹೋಬಳಿ ಶಾಲೆಗಳ ಉದ್ದೇಶವಾಗಿತ್ತು. ಸಂಸ್ಥಾನದ ಹಳ್ಳಿಗಾಡಿನಲ್ಲಿ ಕನ್ನಡ ಪ್ರಾಥಮಿಕ ಶಿಕ್ಷಣ ಹರಡಲು ಈ ಯೋಜನೆಯೇ ತಳಹದಿಯಾಯಿತು. 1882ರಲ್ಲಿ ಭಾರತ ಸರ್ಕಾರವು ನೇಮಿಸಿದ್ದ ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿಯಾಗಿಯೂ ಅವರು ಕೆಲಸ ಮಾಡಿದರು. 1884ರಲ್ಲಿ ಅವರಿಗೆ ಸಿ.ಐ.ಇ. ಪದವಿ ದೊರೆಯಿತು.

ಶಾಸನಗಳತ್ತ ಒಲವು

ಶಾಲೆಗಳ ತನಿಖೆಗಾಗಿ ಊರೂರು ಸುತ್ತುವಾಗ ರೈಸ್ ಅವರು ದೇವಾಲಯಗಳ ಪ್ರಾಕಾರದಲ್ಲಿ, ಕೆರೆ ಏರಿಗಳ ಮೇಲೆ, ಹೊಲಗಳ ಬದುವಿನಲ್ಲಿ ಅಕ್ಷರಗಳಿದ್ದ ಕಲ್ಲುಗಳನ್ನು ಕಂಡರು. ಹಳಗನ್ನಡದ ಲಿಪಿಯನ್ನು ಓದಬಲ್ಲವರು ಹಳ್ಳಿಗಳಲ್ಲಿ ವಿರಳವಾಗಿದ್ದರು. ಬರಹವುಳ್ಳ ಕಲ್ಲು ನಿಧಿಯ ಗುರುತು ಎಂಬ ನಂಬಿಕೆ ಅನೇಕ ಕಡೆ ಇತ್ತು. ಅಂತಹ ಕಲ್ಲುಗಳನ್ನು ಅಗೆದು ಕೆಡವುವುದೂ, ಕಟ್ಟಡಗಳಿಗೆ ಬಳಸಿಕೊಳ್ಳುವುದೂ ನಡೆಯುತ್ತಿತ್ತು. ದಾಖಲೆ ಮಾಡದೆ ಹೋದರೆ ನಾಡಿನ ಚರಿತ್ರೆಯೇ ಅಳಿದುಹೋಗುವ ಸ್ಥಿತಿ ಅದಾಗಿತ್ತು.

ಇದಕ್ಕೆ ಮುಂಚೆಯೇ ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರ ಸುಮಾರಿನಲ್ಲಿ ಕೆಲವು ಶಾಸನಗಳ ಛಾಯಾಚಿತ್ರ ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರಿಗೆ ಬಂತು. ಪಂಡಿತರ ನೆರವಿನಿಂದ ಮಾಡಿದ ಆ ಅನುವಾದಗಳು 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಎಂಬ ಗ್ರಂಥವಾಗಿ ಹೊರಬಂದವು. ಅದೇ ದಶಕದಲ್ಲಿ (1876–78) ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಮೂರು ಸಂಪುಟಗಳಲ್ಲಿ ಅವರು ಸಿದ್ಧಪಡಿಸಿದರು. ಅದರ ಪರಿಷ್ಕೃತ ಆವೃತ್ತಿ 1897ರಲ್ಲಿ ಪ್ರಕಟವಾಯಿತು. ಎರಡೂ ಪ್ರಾಂತ್ಯಗಳಲ್ಲಿದ್ದ ಸಂಸ್ಕೃತ ಹಸ್ತಪ್ರತಿಗಳ ಪಟ್ಟಿಯೊಂದನ್ನು 1884ರಲ್ಲಿ ಹೊರತಂದರು. ಮನೆ ಮನೆಗಳ ಅಟ್ಟದಲ್ಲಿ, ಮಠಗಳ ಪೆಟ್ಟಿಗೆಗಳಲ್ಲಿ ಉಳಿದಿದ್ದ ಓಲೆಗರಿಗಳ ಪಾಲಿಗೆ ಇಂತಹ ಪಟ್ಟಿಗಳೇ ಹೊರಜಗತ್ತಿನೊಡನೆ ಪರಿಚಯದ ಮೊದಲ ಹೆಜ್ಜೆಯಾದವು.

1880ರ ದಶಕದ ಮಧ್ಯಭಾಗದಲ್ಲಿ ಮೈಸೂರು ಸರ್ಕಾರ ಪುರಾತತ್ವ ಶೋಧನೆಯನ್ನು ಆರಂಭಿಸಿ, ಅದರ ಮೇಲ್ವಿಚಾರಣೆಯನ್ನು ರೈಸ್ ಅವರಿಗೆ ವಹಿಸಿತು. 1890ರಿಂದ ಅವರು ಪೂರ್ಣಾವಧಿ ನಿರ್ದೇಶಕರಾಗಿ ದುಡಿದು 1906ರಲ್ಲಿ ನಿವೃತ್ತರಾದರು.

ಎಪಿಗ್ರಾಫಿಯಾ ಕರ್ನಾಟಿಕ

ಈ ಮಾಲಿಕೆಯ ಮೊದಲ ಸಂಪುಟ ಕೊಡಗಿನ ಶಾಸನಗಳದ್ದು (1886). ಎರಡನೆಯದು ಶ್ರವಣಬೆಳಗೊಳದ್ದು (1889). ಮೂರು ಮತ್ತು ನಾಲ್ಕನೆಯ ಸಂಪುಟಗಳು ಮೈಸೂರು ಜಿಲ್ಲೆಗೆ ಮೀಸಲಾದವು (1894 ಮತ್ತು 1898). ಅನಂತರ ಹಾಸನ, ಕಡೂರು, ಶಿವಮೊಗ್ಗ, ಬೆಂಗಳೂರು, ಕೋಲಾರ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಸಂಪುಟಗಳು ಬಂದವು. 1905ರ ಹೊತ್ತಿಗೆ ಹನ್ನೆರಡು ಸಂಪುಟಗಳೂ ಓದುಗರ ಕೈಸೇರಿದ್ದವು.

ಸಾವಿರಾರು ಬಿಡಿ ಬರಹಗಳನ್ನು ಹೇಗೆ ಜೋಡಿಸಬೇಕೆಂಬುದು ರೈಸ್ ಅವರ ಮುಂದಿದ್ದ ದೊಡ್ಡ ಪ್ರಶ್ನೆಯಾಗಿತ್ತು. ಅರಸುಮನೆತನಗಳ ಪ್ರಕಾರ ಜೋಡಿಸಿದರೆ, ಅರಸನ ಹೆಸರಿಲ್ಲದ ಶಾಸನಗಳಿಗೆ ಸ್ಥಾನವಿರುವುದಿಲ್ಲ. ಕಾಲಾನುಕ್ರಮದಲ್ಲಿ ಜೋಡಿಸಿದರೆ, ತೇದಿಯಿಲ್ಲದ ಶಾಸನಗಳು ಹೊರಗುಳಿಯುತ್ತವೆ. ಹೊಸ ಶೋಧದಿಂದ ಒಂದರ ಕಾಲ ಬದಲಾದರೆ ಕ್ರಮವೆಲ್ಲ ಕೆಡುತ್ತದೆ. ಆದುದರಿಂದ ಅವರು ಸ್ಥಳವನ್ನೇ ಆಧಾರವಾಗಿ ಹಿಡಿದರು. ಜಿಲ್ಲೆಗೆ ಸಂಪುಟ, ಅದರೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಒಂದೊಂದು ಶಾಸನಕ್ಕೂ ಒಂದು ಕ್ರಮಸಂಖ್ಯೆ. ತಾಲ್ಲೂಕಿನ ಹೆಸರನ್ನು ಎರಡು ಅಕ್ಷರಗಳ ಸಂಕೇತಕ್ಕೆ ಇಳಿಸಿದ್ದರಿಂದ, ಸಂಪುಟದ ಅಂಕಿ, ತಾಲ್ಲೂಕಿನ ಸಂಕೇತ ಮತ್ತು ಕ್ರಮಸಂಖ್ಯೆ ಇಷ್ಟನ್ನು ಹೇಳಿದರೆ ಯಾವ ಶಾಸನವೆಂಬುದು ನಿಸ್ಸಂದೇಹವಾಗಿ ತಿಳಿಯುತ್ತದೆ.

ಕಾಲಾನುಕ್ರಮವನ್ನು ಅವರು ಕೈಬಿಡಲಿಲ್ಲ. ಸಂಪುಟದಲ್ಲಿ ಶಾಸನಗಳನ್ನು ಕಾಲಕ್ಕೆ ತಕ್ಕಂತೆ ಅಳವಡಿಸಿದ ಪಟ್ಟಿಯನ್ನು ಬೇರೆಯಾಗಿ ಕೊಟ್ಟರು. ಇದರೊಂದಿಗೆ ಅರಸುಮನೆತನಗಳನ್ನು ವಿವರಿಸುವ ಪೀಠಿಕೆ, ಕನ್ನಡ ಲಿಪಿಯಲ್ಲಿ ಮೂಲಪಾಠ, ರೋಮನ್ ಲಿಪಿಯಲ್ಲಿ ಅದರ ರೂಪ ಮತ್ತು ಇಂಗ್ಲಿಷ್ ಅನುವಾದ ಇರುತ್ತವೆ. ಹೀಗಾಗಿ ಊರಿನ ಹೆಸರು ಬಲ್ಲವನೂ, ಅರಸನ ಹೆಸರು ಬಲ್ಲವನೂ, ಕಾಲವನ್ನಷ್ಟೇ ಬಲ್ಲವನೂ ಒಂದೇ ಶಾಸನವನ್ನು ತಲುಪಬಹುದು. ರಾಜರ ದಾನಪತ್ರಕ್ಕೂ ಹಸು ಬಿಡಿಸಲು ಹೋರಾಡಿ ಸತ್ತ ಹಳ್ಳಿಗನ ವೀರಗಲ್ಲಿಗೂ ಒಂದೇ ಬಗೆಯ ಸಂಖ್ಯೆ ದೊರೆತದ್ದು ಈ ಕ್ರಮದ ಇನ್ನೊಂದು ಫಲ.

ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಪ್ರದೇಶಗಳ ಶಾಸನಗಳು 1898ರ ನಾಲ್ಕನೆಯ ಸಂಪುಟದಲ್ಲಿವೆ. ಇಂದಿನ ಓದುಗರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಆಗ ಕೃಷ್ಣರಾಜನಗರವೆಂಬ ಹೆಸರಿರಲಿಲ್ಲ. ಆ ಶಾಸನಗಳು ಎಡತೊರೆ ತಾಲ್ಲೂಕಿನ ಹೆಸರಿನಲ್ಲಿವೆ. 1924ರ ಕಾವೇರಿ ಪ್ರವಾಹದ ತರುವಾಯ ನಿರ್ಮಾಣವಾದ ಹೊಸ ಪಟ್ಟಣಕ್ಕೆ ಕೃಷ್ಣರಾಜನಗರವೆಂಬ ಹೆಸರಾಯಿತು. ಹಾಗೆಯೇ ಪಿರಿಯಾಪಟ್ಟಣದ ಶಾಸನಗಳನ್ನು ಹುಣಸೂರು ತಾಲ್ಲೂಕಿನ ಅಡಿಯಲ್ಲಿ ಹುಡುಕಬೇಕು.

ಹೊಯ್ಸಳ, ಗಂಗರಂತಹ ದೊಡ್ಡ ಮನೆತನಗಳ ನೆರಳಿನಲ್ಲಿ ಮರೆಯಾಗಿದ್ದ ಚಂಗಾಳ್ವರ ಚರಿತ್ರೆ ಈ ಸಂಪುಟದಿಂದ ಬೆಳಕಿಗೆ ಬಂತು. ಹುಣಸೂರು, ಪಿರಿಯಾಪಟ್ಟಣ ಸೀಮೆ ಮತ್ತು ಕೊಡಗಿನ ಭಾಗಗಳನ್ನು ಆಳಿದ ಈ ಮನೆತನ ಚೋಳರಿಗೂ ಹೊಯ್ಸಳರಿಗೂ ಕಾಲಕಾಲಕ್ಕೆ ಅಧೀನವಾಗಿ, ಕೆಲವೊಮ್ಮೆ ಎದುರಾಗಿ ಬಾಳಿತು. 1644ರಲ್ಲಿ ಕಂಠೀರವ ನರಸರಾಜ ಒಡೆಯರ ಸೇನೆ ಪಿರಿಯಾಪಟ್ಟಣವನ್ನು ಗೆದ್ದಾಗ ಅವರ ಆಳ್ವಿಕೆ ಮುಗಿಯಿತು. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆ ಒಂದು ಕಾಲಕ್ಕೆ ಜೈನರ ದೊಡ್ಡ ಕೇಂದ್ರವಾಗಿತ್ತೆಂಬುದಕ್ಕೂ ಈ ಸಂಪುಟದ ಶಾಸನಗಳೇ ಸಾಕ್ಷಿ. ಪನಸೋಗೆ ಎಂಬ ಹಳೆಯ ಹೆಸರಿನ ಆ ಊರಿನ ಬಸದಿಗಳನ್ನು ದಶರಥಪುತ್ರ ರಾಮನ ಕಾಲದವೆಂದು ಅಲ್ಲಿನ ಶಾಸನ ಹೇಳಿಕೊಳ್ಳುತ್ತದೆ. ಚಂಗಾಳ್ವ ಅರಸನ ಜೀರ್ಣೋದ್ಧಾರವನ್ನೂ ದಾಖಲಿಸುತ್ತದೆ.

ಹೆಗ್ಗಡದೇವನಕೋಟೆ ಸೀಮೆಯ ಕಪಿಲಾ ನದಿಯ ದಂಡೆಯಲ್ಲಿದ್ದ ಕಿತ್ತೂರೇ ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿ ಕಿತ್ತಿಪುರವೆಂದು ರೈಸ್ ಅವರು ಗುರುತಿಸಿದರು. ದಟ್ಟ ಕಾಡಿನ ಅಂಚಿನ ತಾಲ್ಲೂಕೊಂದು ಹಿಂದೆ ಒಂದು ರಾಜ್ಯದ ನಡುವಣ ನೆಲೆಯಾಗಿತ್ತೆಂಬುದು ಇದರಿಂದ ತಿಳಿಯಿತು.

ಇದೇ ಸೀಮೆಯ ಬೆಳತೂರಿನ ಶಾಸನ (ಕ್ರಿ.ಶ. 1057) ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಸುಪರಿಚಿತ. ನುಗುನಾಡಿನ ರವಿಗನ ಮಗಳು ದೇಕಬ್ಬೆಯ ಗಂಡ ಏಚ ತನ್ನ ದಾಯಾದಿಯನ್ನು ಕೊಂದ ಕಾರಣಕ್ಕೆ ಅರಸನ ಆಜ್ಞೆಯಂತೆ ತಲಕಾಡಿನಲ್ಲಿ ವಧೆಗೊಳಗಾಗುತ್ತಾನೆ. ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರೂ ಬಂಧುಗಳೂ ಬೇಡವೆಂದು ಅಂಗಲಾಚಿದರೂ ನಿಲ್ಲದೆ ಅಗ್ನಿಪ್ರವೇಶ ಮಾಡುತ್ತಾಳೆ. ಮಲ್ಲನೆಂಬ ಕವಿ ಪದ್ಯಗಳಲ್ಲಿ ರಚಿಸಿದ ಈ ಶಾಸನ ಅರಸರ ಚರಿತ್ರೆಗೆ ಸೇರಿಸುವುದು ಅಲ್ಪ. ಒಬ್ಬ ಮಗಳನ್ನು ಉಳಿಸಿಕೊಳ್ಳಲಾರದೆ ಹೋದ ಮನೆಯ ಸಂಕಟವನ್ನೂ ಅಂದಿನ ಸಮಾಜದ ಕಠೋರ ಆದರ್ಶವನ್ನೂ ಅದು ಒಟ್ಟಿಗೆ ಉಳಿಸಿದೆ. ಮಹತ್ವದ ರಾಜಶಾಸನಗಳನ್ನಷ್ಟೇ ಆಯ್ದು ಪ್ರಕಟಿಸುವ ಕ್ರಮವನ್ನು ರೈಸ್ ಅವರು ಅನುಸರಿಸಿದ್ದರೆ ಇಂತಹ ಬರಹಗಳು ಬೆಳಕಿಗೆ ಬರುವುದು ತಡವಾಗುತ್ತಿತ್ತು.

ಇತರ ಶೋಧಗಳು ಮತ್ತು ಗ್ರಂಥಸಂಪಾದನೆ

1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ರೈಸ್ ಅವರು ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಮೌರ್ಯ ಸಾಮ್ರಾಜ್ಯ ಕರ್ನಾಟಕದವರೆಗೂ ವ್ಯಾಪಿಸಿತ್ತೆಂಬುದಕ್ಕೆ ಇದು ನೇರ ಆಧಾರವಾಯಿತು. ಕದಂಬರ ಮೂಲವನ್ನು ತಿಳಿಸುವ ತಾಳಗುಂದದ ಸ್ತಂಭಶಾಸನವೂ, ಕಾಳಿ ಎಂಬ ನಾಯಿಯ ಸ್ಮಾರಕವಾಗಿರುವ ಆತಕೂರಿನ ಶಾಸನವೂ ಅವರ ಶೋಧಗಳಲ್ಲಿ ಸೇರಿವೆ.

'ಬಿಬ್ಲಿಯಾಥಿಕಾ ಕರ್ನಾಟಿಕ' ಎಂಬ ಮಾಲಿಕೆಯಲ್ಲಿ ಅವರು ಹಳಗನ್ನಡ ಗ್ರಂಥಗಳನ್ನು ಅಚ್ಚು ಹಾಕಿಸಿದರು. ನಾಗವರ್ಮನ ಕರ್ಣಾಟಕ ಭಾಷಾಭೂಷಣ (1884), ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನ (1890), ಪಂಪಭಾರತ (1898) ಮತ್ತು ಪಂಪರಾಮಾಯಣ ಇವುಗಳಲ್ಲಿ ಮುಖ್ಯವಾದವು. ಕೆ. ಬಿ. ಪಾಠಕ್ ಸಂಪಾದಿಸಿದ ಕವಿರಾಜಮಾರ್ಗವೂ 1898ರಲ್ಲಿ ಇದೇ ಮಾಲಿಕೆಯಲ್ಲಿ ಬಂತು.

ವಿಮರ್ಶೆ ಮತ್ತು ವಿವಾದ

ರೈಸ್ ಅವರ ಕೆಲಸ ಟೀಕೆಗೆ ಹೊರತಾಗಿರಲಿಲ್ಲ. ಮುಂಬಯಿ ಪ್ರಾಂತ್ಯದ ಅಧಿಕಾರಿಯೂ ಶಾಸನತಜ್ಞರೂ ಆಗಿದ್ದ ಜೆ. ಎಫ್. ಫ್ಲೀಟ್ ಅವರೊಂದಿಗೆ ದೀರ್ಘಕಾಲ ವಾದ ನಡೆಯಿತು. ಗಂಗರ ಆರಂಭಕಾಲದ ತಾಮ್ರಪಟಗಳು ಕೃತಕವೆಂದು ಫ್ಲೀಟ್ ವಾದಿಸಿದರೆ, ರೈಸ್ ಅವುಗಳ ನೈಜತೆಯನ್ನು ಸಮರ್ಥಿಸಿದರು. ಚಂದ್ರಗುಪ್ತ ಮೌರ್ಯನು ಭದ್ರಬಾಹುವಿನೊಂದಿಗೆ ಶ್ರವಣಬೆಳಗೊಳಕ್ಕೆ ಬಂದನೆಂಬ ಜೈನ ಪರಂಪರೆಯ ವಿಷಯದಲ್ಲಿಯೂ ಇವರಿಬ್ಬರು ಒಮ್ಮತಕ್ಕೆ ಬರಲಿಲ್ಲ. ಆ ತಾಮ್ರಪಟಗಳಲ್ಲಿ ಕೆಲವು ನೈಜವೆಂದೂ ಕೆಲವು ಕೂಟಶಾಸನಗಳೆಂದೂ ಮುಂದಿನ ವಿದ್ವಾಂಸರು ಬೇರ್ಪಡಿಸಿದರು.

ಪಾಠಗಳಲ್ಲಿ ತಪ್ಪುಗಳು ಉಳಿದಿದ್ದವು. ಎಲ್ಲ ಶಾಸನಗಳಿಗೂ ಛಾಯಾಪ್ರತಿ ಒದಗಿಸುವುದು ಸಾಧ್ಯವಾಗಿರಲಿಲ್ಲ. ಅನೇಕ ಶಾಸನಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಶ್ರವಣಬೆಳಗೊಳದ ಸಂಪುಟವೇ ಇದಕ್ಕೆ ನಿದರ್ಶನ. ರೈಸ್ ಅವರ ಆವೃತ್ತಿಯಲ್ಲಿ 144 ಶಾಸನಗಳಿದ್ದರೆ, ಅವರ ಉತ್ತರಾಧಿಕಾರಿ ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಆ ಸಂಖ್ಯೆ 500 ಆಯಿತು. ಆದರೆ ಇಂತಹ ತಿದ್ದುಪಡಿ ಸಾಧ್ಯವಾದದ್ದು, ಯಾವುದು ದಾಖಲಾಗಿದೆ, ಯಾವುದು ಆಗಿಲ್ಲ ಎಂಬುದನ್ನು ಖಚಿತವಾಗಿ ತೋರಿಸುವ ಮೊದಲ ಪಟ್ಟಿ ಇದ್ದುದರಿಂದಲೇ.

ನಿವೃತ್ತಿ ಮತ್ತು ನಿಧನ

ನಿವೃತ್ತಿಯ ನಂತರ ರೈಸ್ ಅವರು ಇಂಗ್ಲೆಂಡಿನಲ್ಲಿ ನೆಲಸಿದರು. ತಮ್ಮ ಶೋಧನೆಗಳ ಸಾರವನ್ನು 'ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್' ಎಂಬ ಗ್ರಂಥದಲ್ಲಿ 1909ರಲ್ಲಿ ಪ್ರಕಟಿಸಿದರು. ತೊಂಬತ್ತು ವರ್ಷ ತುಂಬಲು ಒಂದು ವಾರವಿರುವಾಗ, 1927ರ ಜುಲೈ 10ರಂದು ಹ್ಯಾರೋದಲ್ಲಿ ನಿಧನ ಹೊಂದಿದರು.

ಪ್ರಭಾವ

ಆರ್. ನರಸಿಂಹಾಚಾರ್ಯರು 1907ರಿಂದ ಪ್ರಕಟಿಸಿದ 'ಕರ್ನಾಟಕ ಕವಿಚರಿತೆ'ಗೆ ಕವಿಗಳ ಕಾಲನಿರ್ಣಯದಲ್ಲಿ ಶಾಸನಗಳು ಆಧಾರವಾಗಿ ಒದಗಿದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಆರಂಭಿಸಿತು. ಅದರಲ್ಲಿ ಹೆಗ್ಗಡದೇವನಕೋಟೆಯ ಶಾಸನಗಳು ಮೂರನೆಯ, ಹುಣಸೂರು ಮತ್ತು ಪಿರಿಯಾಪಟ್ಟಣದವು ನಾಲ್ಕನೆಯ, ಕೃಷ್ಣರಾಜನಗರದವು ಐದನೆಯ ಸಂಪುಟದಲ್ಲಿವೆ. ಹೊಸ ಆವೃತ್ತಿಯೂ ತಾಲ್ಲೂಕುವಾರು ವಿಂಗಡಣೆಯನ್ನೇ ಉಳಿಸಿಕೊಂಡಿದೆ.

ಹಳೆಯ ಸಂಪುಟಗಳು ಈಗ ಡಿಜಿಟಲ್ ರೂಪದಲ್ಲಿಯೂ ಲಭ್ಯವಿವೆ. ಊರಿನ ಕಲ್ಲು ಒಡೆದುಹೋಗಿದ್ದರೂ, ನೀರಿನಲ್ಲಿ ಮುಳುಗಿದ್ದರೂ, ಗೋಡೆಯೊಳಗೆ ಸೇರಿಹೋಗಿದ್ದರೂ ಅದರ ಪಾಠವನ್ನು ಸಂಪುಟ ಮತ್ತು ಕ್ರಮಸಂಖ್ಯೆಯ ಸಹಾಯದಿಂದ ಇಂದಿಗೂ ಓದಬಹುದು.

ಪ್ರಮುಖ ಕೃತಿಗಳು

ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ (1876–78; ಪರಿಷ್ಕೃತ ಆವೃತ್ತಿ 1897)
ಮೈಸೂರ್ ಇನ್‌ಸ್ಕ್ರಿಪ್ಷನ್ಸ್ (1879)
ಮೈಸೂರು ಮತ್ತು ಕೊಡಗಿನ ಸಂಸ್ಕೃತ ಹಸ್ತಪ್ರತಿಗಳ ಪಟ್ಟಿ (1884)
ಎಪಿಗ್ರಾಫಿಯಾ ಕರ್ನಾಟಿಕ, 12 ಸಂಪುಟಗಳು (1886–1905)
ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್ (1909)