ಬೊಕ್ಕಸದ ನಷ್ಟಕ್ಕೆ ಅಂಜದ ಸುಲ್ತಾನ

ತ್ಯಾವಣಿಗೆಯಂಥ ಊರಿನ ಒಂದು ಬಡ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ತಾಯಿಯ ಖಾತೆಗೆ ಬರುತ್ತದೆ. ಅದೇ ವರ್ಷದ ಬಜೆಟ್ಟಿನಲ್ಲಿ ಮದ್ಯದ ಮೇಲಿನ ಸುಂಕವೂ ಏರಿತು. ಸಂಜೆ ಮಗ ಮದ್ಯದಂಗಡಿಯ ಮೆಟ್ಟಿಲು ಹತ್ತಿದರೆ ತಾಯಿಗೆ ಬಂದ ಹಣದಲ್ಲಿ ಎಷ್ಟು ಸರಕಾರಕ್ಕೇ ಮರಳುತ್ತದೆಂದು ನೀವೇ ಲೆಕ್ಕ ಹಾಕಿ. ಬಡವರಿಗೆ ನೆರವಾಗಲು ಬೊಕ್ಕಸ ತುಂಬಬೇಕು, ನಿಜ. ಆದರೆ ಅದನ್ನು ಯಾವುದರಿಂದ ತುಂಬಬೇಕು? ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ನಾಡನ್ನಾಳಿದ ಟಿಪ್ಪು ಸುಲ್ತಾನರ ಮುಂದೆಯೂ ಈ ಪ್ರಶ್ನೆಯಿತ್ತು.

1750ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಅವರು ತಂದೆ ಹೈದರಲಿಯವರ ಮರಣದ ನಂತರ 1782ರ ಕೊನೆಯಲ್ಲಿ ಅಧಿಕಾರಕ್ಕೆ ಬಂದರು. ಅವರ ಯುದ್ಧಗಳ ಕಥೆ ನಿಮಗೆಲ್ಲ ಗೊತ್ತು. ಅವರ ಕಂದಾಯದ ಲೆಕ್ಕವನ್ನು ಮಾತ್ರ ನಾವು ಮಕ್ಕಳಿಗೆ ಹೇಳುವುದಿಲ್ಲ.

1787ರಲ್ಲಿ ಅವರು ಮೀರ್ ಸಾದಿಕ್‌ಗೆ (ಹೌದು, ಅದೇ ಮೀರ್ ಸಾದಿಕ್) ಪತ್ರ ಬರೆದು, ರಾಜ್ಯದಲ್ಲಿ ಮದ್ಯವನ್ನು ಸಂಪೂರ್ಣವಾಗಿ ನಿಲ್ಲಿಸಬೇಕೆಂದು ಆಜ್ಞಾಪಿಸಿದರು. ಆದಾಯ ಖೋತಾ ಆಗುವುದೆಂದು ಅವರಿಗೆ ತಿಳಿದಿತ್ತು. ಪ್ರಜೆಗಳ ಬಾಳು ಮತ್ತು ಯುವಕರ ನಡತೆಗಿಂತ ಖಜಾನೆ ದೊಡ್ಡದಲ್ಲವೆಂಬುದೇ ಅವರ ನಿಲುವು. ಹರಾಮೆಂದು ಬಾಯಲ್ಲಿ ಹೇಳುವುದು ಸುಲಭ, ಅದರ ಆದಾಯವನ್ನು ಬಿಟ್ಟುಕೊಡುವುದು ಕಷ್ಟ.

ಹಾಗಾದರೆ ಖಜಾನೆಗೆ ಹಣವೆಲ್ಲಿಂದ? ಸುಲ್ತಾನರು ನೇಗಿಲನ್ನು ನಂಬಿದರು. ಬಡ ರೈತನಿಗೆ ನೇಗಿಲೊಂದಕ್ಕೆ ಮೂರು ನಾಲ್ಕು ವರಹದಂತೆ ತಕಾವಿ ಸಾಲ ಕೊಟ್ಟು, ಒಂದೆರಡು ವರ್ಷಗಳಲ್ಲಿ ಹಿಂದಕ್ಕೆ ಪಡೆಯಬೇಕೆಂಬ ನಿಯಮವಿತ್ತು. ಕಲ್ಲು ಬೀಳುಭೂಮಿಯನ್ನು ಹಸನು ಮಾಡಿದವನಿಗೆ ಮೊದಲ ವರ್ಷ ಕಂದಾಯವಿಲ್ಲ, ಎರಡನೆಯ ವರ್ಷ ಕಾಲು ಪಾಲು, ಮೂರನೆಯ ವರ್ಷ ಅರ್ಧ. ಅಡಿಕೆ ಸಸಿ ನೆಟ್ಟವರಿಗೂ ಮೊದಲ ವರ್ಷಗಳಲ್ಲಿ ವಿನಾಯಿತಿಯಿತ್ತು. ಅಡಿಕೆ ಫಲ ಕೊಡಲು ಎಷ್ಟು ಕಾಯಬೇಕೆಂದು ಚನ್ನಗಿರಿ ಕಡೆಯವರಿಗೆ ಹೇಳಬೇಕಾಗಿಲ್ಲ.

ಈ ಖಜಾನೆ ಮುಸ್ಲಿಮರಿಗಷ್ಟೇ ಮೀಸಲಾಗಿರಲಿಲ್ಲ. 1791ರಲ್ಲಿ ಪಟವರ್ಧನರ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಮಠಕ್ಕೆ 200 ರಾಹತಿ ನಗದು ಮತ್ತು 200 ರಾಹತಿ ಬೆಲೆಯ ಧಾನ್ಯ ಕೊಡುವಂತೆ ನಗರದ ಅಧಿಕಾರಿಗೆ ಅವರು ಆಜ್ಞೆ ಕಳುಹಿಸಿದರು. ಆ ಕಾಗದಗಳು 1916ರಲ್ಲಿ ಮಠದಲ್ಲೇ ದೊರೆತವು. ಕೊಡಗು, ಮಲಬಾರಿನವರ ನೆನಪು ಬೇರೆಯೇ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ.

1792ರ ಸೋಲು ಎಲ್ಲವನ್ನೂ ಬುಡಮೇಲು ಮಾಡಿತು. ಅರ್ಧ ರಾಜ್ಯ ಕೈಬಿಟ್ಟಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಎಳೆಯ ಮಕ್ಕಳು ಇಂಗ್ಲಿಷರಲ್ಲಿ ಒತ್ತೆಯಾದರು. ಆ ಹಣದ ಒಂದು ಪಾಲನ್ನು ಪ್ರಜೆಗಳಿಂದಲೇ ಎತ್ತಲಾಯಿತು. ತಕಾವಿ ಕೊಟ್ಟ ಕೈಯೇ ವಸೂಲಿಗೂ ಚಾಚಬೇಕಾಯಿತು. 1794ರಲ್ಲಿ ಮಕ್ಕಳು ಮರಳಿದರು. 1799ರ ಮೇ 4ರಂದು ಸುಲ್ತಾನರು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತ ಶಹೀದರಾದರು.

ಅವರ ನಂತರ ಅಬಕಾರಿಯ ಬಾಬು ಮೈಸೂರಿನ ಲೆಕ್ಕಪುಸ್ತಕಕ್ಕೆ ಮತ್ತೆ ಸೇರಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಉಳಿದ ಮದ್ಯದ ಸುಂಕ ಇಂದಿಗೂ ಬೊಕ್ಕಸ ಸೇರುತ್ತಿದೆ.