ದಾನವಲ್ಲ, ದುಡಿಮೆ: ಗಾನಯೋಗಿ ಪಂಚಾಕ್ಷರ ಗವಾಯಿಗಳ ಬದುಕು

ಪ್ರತಿ ವರ್ಷ ಡಿಸೆಂಬರ್ 3ರಂದು ವಿಶ್ವ ವಿಕಲಚೇತನರ ದಿನವನ್ನು ಆಚರಿಸುತ್ತೇವೆ. 1992ರಲ್ಲಿ ವಿಶ್ವಸಂಸ್ಥೆ ಈ ದಿನಾಚರಣೆಯನ್ನು ಜಾರಿಗೆ ತಂದಿತು. ಅಂದು ನಮ್ಮ ಹಲವು ಧರ್ಮಕೇಂದ್ರಗಳಲ್ಲಿ ವಿಶೇಷ ಬಲಿಪೂಜೆ, ಸಹಭೋಜನ, ಉಡುಗೊರೆಗಳ ವಿತರಣೆ ನಡೆಯುತ್ತದೆ. ಇವೆಲ್ಲ ಒಳ್ಳೆಯ ಕಾರ್ಯಗಳೇ. ಆದರೆ ಉಡುಗೊರೆ ಪಡೆದು ಮನೆಗೆ ಮರಳಿದ ಸಹೋದರ ಅಥವಾ ಸಹೋದರಿ ಡಿಸೆಂಬರ್ 4ರ ಬೆಳಿಗ್ಗೆ ಯಾವ ಕೆಲಸಕ್ಕೆ ಹೋಗುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ನಮ್ಮ ನಾಡಿನಲ್ಲೇ ಬಾಳಿದ ಒಬ್ಬ ಮಹಾನುಭಾವರ ಜೀವನವನ್ನು ಅರಿತುಕೊಳ್ಳಬೇಕು. ಅವರೇ ಗದಗಿನ ಗಾನಯೋಗಿ ಪಂಚಾಕ್ಷರ ಗವಾಯಿಗಳು.

ಅವರು ವೀರಶೈವ ಪರಂಪರೆಯವರು. ಕಥೋಲಿಕ ಪುಟದಲ್ಲಿ ಅವರ ಕಥೆ ಏಕೆ ಎಂದು ಯಾರೂ ಕೇಳಬೇಕಾಗಿಲ್ಲ. ಅನ್ಯ ಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಗೌರವದಿಂದ ಕಾಣಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ನಮಗೆ ಕಲಿಸಿದೆ.

ಕಾಡಶೆಟ್ಟಿಹಳ್ಳಿಯ ಇಬ್ಬರು ಬಾಲಕರು

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ ಒಂದು ಸಣ್ಣ ಊರು. ಅಲ್ಲಿನ ಗುರುಪಾದಯ್ಯ ಚರಂತಿಮಠ ಮತ್ತು ನೀಲಮ್ಮ ದಂಪತಿಗಳ ಮಗನಾಗಿ 1892ರ ಫೆಬ್ರವರಿ 2ರಂದು ಗದಿಗೆಯ್ಯ ಜನಿಸಿದರು. ಮಗುವಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಸಹೋದರ ಗುರುಬಸವಯ್ಯನೂ ಹುಟ್ಟು ಅಂಧ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು! ಆ ಕಾಲದ ಹಳ್ಳಿಯಲ್ಲಿ ಇಂತಹ ಮಕ್ಕಳ ಮುಂದಿದ್ದುದು ಮನೆಯ ಮೂಲೆ, ಇಲ್ಲವೇ ಭಿಕ್ಷೆಯ ದಾರಿ. ಶುಭಸಂದೇಶದಲ್ಲಿ ಜೆರಿಕೋ ಪಟ್ಟಣದ ದಾರಿಬದಿಯಲ್ಲಿ ಕುಳಿತಿದ್ದ ಬಾರ್ತಿಮಾಯನ ಸ್ಥಿತಿಯೂ ಇದೇ ಆಗಿತ್ತು.

ಆದರೆ ಈ ಬಾಲಕರಿಗೆ ಒಳ್ಳೆಯ ಕಂಠವಿತ್ತು, ಒಮ್ಮೆ ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವ ನೆನಪಿನ ಶಕ್ತಿಯಿತ್ತು. ಹಾನಗಲ್ಲ ಕುಮಾರ ಸ್ವಾಮಿಗಳು ಅವರ ಹಾಡನ್ನು ಕೇಳಿದರು. ಈ ಸ್ವಾಮಿಗಳು ಮುಂದೆ 1909ರಲ್ಲಿ ಬಾದಾಮಿ ಬಳಿ ಮಲಪ್ರಭಾ ನದಿಯ ದಡದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು. ಮಕ್ಕಳ ಕೈಗೆ ನಾಲ್ಕು ಕಾಸು ಕೊಟ್ಟು ಅವರು ಮುಂದೆ ಸಾಗಬಹುದಿತ್ತು. ಹಾಗೆ ಮಾಡಲಿಲ್ಲ. ಇಬ್ಬರ ಪೂರ್ಣ ಹೊಣೆಯನ್ನೂ ತಾವೇ ಹೊತ್ತು ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಮಕ್ಕಳಲ್ಲಿ ಏನು ಇಲ್ಲ ಎಂಬುದನ್ನು ಊರೆಲ್ಲ ನೋಡಿತ್ತು. ಏನು ಇದೆ ಎಂಬುದನ್ನು ಸ್ವಾಮಿಗಳು ಗುರುತಿಸಿದರು.

ಅರೆಬರೆ ವಿದ್ಯೆಯಲ್ಲ

ಗುರುಬಸವಯ್ಯ ಎಳೆಯ ಪ್ರಾಯದಲ್ಲೇ ತೀರಿಕೊಂಡರು. ಒಡಹುಟ್ಟಿದವನನ್ನೂ ಜೊತೆಯಲ್ಲಿ ಹಾಡುತ್ತಿದ್ದವನನ್ನೂ ಒಮ್ಮೆಗೇ ಕಳೆದುಕೊಂಡ ಗದಿಗೆಯ್ಯನಿಗೆ ಅದು ಸಹಿಸಲಾಗದ ಪೆಟ್ಟು. ಆದರೂ ಕುಮಾರ ಸ್ವಾಮಿಗಳು ಅವರನ್ನು ಕೈಬಿಡಲಿಲ್ಲ. ಕರ್ನಾಟಕ ಸಂಗೀತ ಕಲಿಯಲು ಮೈಸೂರಿಗೆ ಕಳುಹಿಸಿದರು. ಹಿಂದೂಸ್ತಾನಿ ಸಂಗೀತಕ್ಕಾಗಿ ನೀಲಕಂಠಬುವಾ ಮಿರಜಕರರ ಹಾಗೂ ಕಿರಾನಾ ಪರಂಪರೆಯ ಉಸ್ತಾದ್ ವಹೀದ್ ಖಾನರ ಶಿಷ್ಯತ್ವ ದೊರಕಿಸಿದರು. ವೀರಶೈವ ಸ್ವಾಮಿಗಳ ಆಶ್ರಯದಲ್ಲಿದ್ದ ಅಂಧ ಯುವಕನಿಗೆ ಮುಸ್ಲಿಂ ಉಸ್ತಾದರು ವಿದ್ಯೆ ಧಾರೆಯೆರೆದರು. ಗದಿಗೆಯ್ಯ ಪಂಚಾಕ್ಷರಿಯಾದರು, ಎರಡೂ ಪದ್ಧತಿಗಳಲ್ಲಿ ಪ್ರಭುತ್ವ ಗಳಿಸಿ ಉಭಯಗಾಯನ ವಿಶಾರದರೆಂದು ಹೆಸರಾದರು. ತಬಲಾ ವಾದನದಲ್ಲೂ ಪರಿಣತರಾದರು.

ಅಂಧನಿಗೆ ಇಷ್ಟು ಸಾಕು ಎಂದು ಸ್ವಾಮಿಗಳು ಎಲ್ಲಿಯೂ ನಿಲ್ಲಿಸಲಿಲ್ಲ ಎಂಬುದನ್ನು ಗಮನಿಸಬೇಕು. ಕಣ್ಣಿದ್ದವನಿಗೆ ಯಾವ ಮಟ್ಟದ ಗುರುಗಳು ಬೇಕೋ ಅದೇ ಮಟ್ಟದ ಗುರುಗಳನ್ನು ಹುಡುಕಿದರು, ಅಷ್ಟೇ ವರ್ಷ ಕಾದರು, ಅದರ ಖರ್ಚನ್ನೂ ಹೊತ್ತರು. ನಮ್ಮಲ್ಲಿ ವಿಕಲಚೇತನರಿಗಾಗಿ ಮೂರು ತಿಂಗಳ ತರಬೇತಿ ನಡೆಸಿ, ಪ್ರಮಾಣಪತ್ರ ಕೊಟ್ಟು, ಫೋಟೋ ತೆಗೆದು ಮುಗಿಸುವುದುಂಟು. ಆ ತರಬೇತಿಯಿಂದ ಯಾರಿಗೂ ಕೆಲಸ ಸಿಗದಿದ್ದರೆ ಅದು ಕಲಿತವರ ತಪ್ಪಲ್ಲ.

ಸಂಚಾರಿ ಪಾಠಶಾಲೆ

ಪಂಚಾಕ್ಷರ ಗವಾಯಿಗಳಿಗೆ ಆಸ್ಥಾನದ ಗಾಯಕರಾಗಿಯೋ ಕಛೇರಿಗಳ ಕಲಾವಿದರಾಗಿಯೋ ಸುಖವಾಗಿ ಬದುಕುವ ಯೋಗ್ಯತೆ ಇತ್ತು. ಅವರು ಬೇರೆಯದೇ ದಾರಿ ಹಿಡಿದರು. ಅಂಧ ಮಕ್ಕಳು, ಅಂಗವಿಕಲ ಮಕ್ಕಳು, ಅನಾಥರು, ಬಡವರ ಮಕ್ಕಳು ಎಲ್ಲರನ್ನೂ ಸೇರಿಸಿಕೊಂಡು ಸಂಗೀತ ಪಾಠಶಾಲೆಯನ್ನು ನಡೆಸಿದರು. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಗುರು ಊರಿಂದೂರಿಗೆ ಹೊರಟರೆ ಶಿಷ್ಯರೂ ಹೊರಡಬೇಕು. ತಂಬೂರಿ, ತಬಲಾ, ಹಾರ್ಮೋನಿಯಂ ಕೂಡ ಹೊರಡಬೇಕು. ಹೋದ ಊರಿನ ಭಕ್ತರು ನೀಡಿದ ಜೋಳ, ಅಕ್ಕಿ, ಬೇಳೆಯಿಂದಲೇ ಮಕ್ಕಳ ಊಟ. ಗುರುಗಳು ಜೋಳಿಗೆ ಹಿಡಿದದ್ದು ಶಿಷ್ಯರು ಮುಂದೆ ಎಂದೂ ಕೈಚಾಚಬಾರದು ಎಂಬ ಕಾರಣಕ್ಕಾಗಿ.

1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನಿಗಿದ್ದ ಬಲ ಹೋಯಿತು. ಆದರೂ ಪಾಠ ನಿಲ್ಲಲಿಲ್ಲ. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಪಾಠಶಾಲೆಗೆ ಒಂದು ನೆಲೆ ಸಿಕ್ಕಿತು. ದಾನಿಯ ಹೆಸರನ್ನು ನೆನಪಿಸುವ ವೀರೇಶ್ವರ ಪುಣ್ಯಾಶ್ರಮ ತಲೆಯೆತ್ತಿತು.

ಸಂಗೀತವೇ ಏಕೆ?

ಗವಾಯಿಗಳು ಮಕ್ಕಳಿಗೆ ಕಲಿಸಿದ್ದು ಸಮಾಜಕ್ಕೆ ನಿಜವಾಗಿ ಬೇಕಾಗಿದ್ದ ವಿದ್ಯೆಯನ್ನು. ನಮ್ಮ ಕರಾವಳಿಯಲ್ಲಿ ಯಕ್ಷಗಾನ ಮೇಳಕ್ಕೆ ಭಾಗವತರು ಬೇಕಾದಂತೆ ಉತ್ತರ ಕರ್ನಾಟಕದಲ್ಲಿ ಪುರಾಣಕ್ಕೆ ಗವಾಯಿಗಳು ಬೇಕು. ಶ್ರಾವಣ ಮಾಸ ಬಂತೆಂದರೆ ಮಠಗಳಲ್ಲಿ, ಗುಡಿಗಳಲ್ಲಿ ದಿನವೂ ಸಂಜೆ ಪುರಾಣ ಪ್ರವಚನ. ಶಾಸ್ತ್ರಿಗಳು ಕಥೆ ಹೇಳುವಾಗ ನಡುನಡುವೆ ಹಾಡಲು ಒಬ್ಬರು, ತಬಲಾ ನುಡಿಸಲು ಇನ್ನೊಬ್ಬರು ಇರಲೇಬೇಕು. ಗದಗದಿಂದ ದೂರದ ಯಾದಗಿರಿ ಸೀಮೆಯ ಶಹಾಪುರ, ಸುರಪುರ ಮತ್ತು ಅದಕ್ಕೆ ಹೊಂದಿಕೊಂಡ ರಂಗಂಪೇಟೆಯ ತನಕವೂ ಈ ಸಂಪ್ರದಾಯದ ಹರವು ಇದೆ. ಇದಲ್ಲದೆ ಕೀರ್ತನೆ, ಜಾತ್ರೆ, ನಾಟಕ ಕಂಪನಿ, ಸಂಗೀತ ಪಾಠ ಇವೆಲ್ಲ ದುಡಿಮೆಯ ದಾರಿಗಳು. ಮನೆಯವರಿಗೆ ಹೊರೆಯೆನಿಸಿದ್ದ ಹುಡುಗ ಈಗ ಊರಿನವರು ವೀಳ್ಯ ಕೊಟ್ಟು ಕರೆಸುವ ಗವಾಯಿಯಾದ. ಅವನಿಗೆ ಸಂಭಾವನೆ ಸಿಕ್ಕಿತು, ಅದರೊಂದಿಗೆ ಮರ್ಯಾದೆಯೂ ಸಿಕ್ಕಿತು.

ಯುರೋಪಿನಲ್ಲೂ ಇದಕ್ಕೆ ಹೋಲುವ ಪ್ರಯತ್ನ ನಡೆದಿತ್ತು. ಪ್ಯಾರಿಸ್‌ನ ಅಂಧರ ಶಾಲೆಯಲ್ಲಿ ಕಲಿತವರು ದೇವಾಲಯಗಳಲ್ಲಿ ಆರ್ಗನ್ ವಾದಕರಾಗಿ, ಪಿಯಾನೋ ಶ್ರುತಿ ಮಾಡುವವರಾಗಿ ಜೀವನ ಕಂಡುಕೊಂಡರು. ಅಂಧರಿಗೆ ಚುಕ್ಕಿ ಲಿಪಿಯನ್ನು ಕೊಟ್ಟ ಲೂಯಿ ಬ್ರೈಲ್ (1809-1852) ಕೂಡ ಅದೇ ಶಾಲೆಯ ವಿದ್ಯಾರ್ಥಿ, ಅಲ್ಲಿಯೇ ಅಧ್ಯಾಪಕ ಮತ್ತು ಪ್ಯಾರಿಸ್‌ನ ಸಂತ ನಿಕೋಲಸರ ದೇವಾಲಯದಲ್ಲಿ ಆರ್ಗನ್ ವಾದಕ. ಅಲ್ಲಿ ಧರ್ಮಸಭೆ ಅಂಧರಿಗೆ ಬರಿಯ ಆಶೀರ್ವಾದ ಕೊಡಲಿಲ್ಲ. ವೇತನದ ಕೆಲಸವನ್ನೂ ಕೊಟ್ಟಿತು.

ಕಣ್ಣಿದ್ದವರಿಗೂ ಗುರು

ಪಂಚಾಕ್ಷರ ಗವಾಯಿಗಳ ಪಾಠಶಾಲೆ ಅಂಧರನ್ನು ಬೇರ್ಪಡಿಸಿದ ಜಾಗವಾಗಿರಲಿಲ್ಲ. ಕಣ್ಣಿದ್ದವರೂ ಇಲ್ಲದವರೂ ಜೊತೆಯಲ್ಲೇ ಉಂಡು, ಜೊತೆಯಲ್ಲೇ ಕಲಿತರು. ಮುಂದೆ ಪದ್ಮಭೂಷಣ ಪಡೆದ ಬಸವರಾಜ ರಾಜಗುರು ಅವರು ಈ ಅಂಧ ಗುರುವಿನ ಬಳಿಯೇ ಕಲಿತವರು. 1936ರಲ್ಲಿ ವಿಜಯನಗರ ಸಾಮ್ರಾಜ್ಯದ 600ನೇ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ ಯುವಕ ರಾಜಗುರು ಹಾಡಿದರು. ತಬಲಾ ಸಾಥ್ ನೀಡಲು ಕುಳಿತವರು ಸ್ವತಃ ಗುರುಗಳೇ. ಶಿಷ್ಯನ ಏಳಿಗೆಗಾಗಿ ಪಕ್ಕವಾದ್ಯದ ಸ್ಥಾನದಲ್ಲಿ ಕೂರುವ ವಿನಯ ಅವರಲ್ಲಿತ್ತು.

1944ರ ಜೂನ್ 11ರಂದು, 52ನೇ ವಯಸ್ಸಿನಲ್ಲಿ, ಗವಾಯಿಗಳು ಇಹಲೋಕ ತ್ಯಜಿಸಿದರು. ಆಶ್ರಮದ ಹೊಣೆ ಯಾರಿಗೆ? ನೂರಾರು ಮಕ್ಕಳ ಅನ್ನ, ವಿದ್ಯೆ, ಲೆಕ್ಕಪತ್ರ ನೋಡಿಕೊಳ್ಳಲು ಕಣ್ಣಿದ್ದವರೇ ಬೇಕು ಎಂದು ಯಾರಾದರೂ ಭಾವಿಸಬಹುದಿತ್ತು. ಆದರೆ ಉತ್ತರಾಧಿಕಾರಿಯಾದವರು ಶೈಶವದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಅವರು 2010ರ ಸೆಪ್ಟೆಂಬರ್ 17ರಂದು ನಿಧನರಾಗುವವರೆಗೆ, ಅರವತ್ತಾರು ವರ್ಷಗಳ ಕಾಲ ಆಶ್ರಮವನ್ನು ಬೆಳೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಸಂದಿತ್ತು. ಅವರ ಬಳಿ ಕಲಿತ ವೆಂಕಟೇಶ ಕುಮಾರ್ ಇಂದು ದೇಶದ ಶ್ರೇಷ್ಠ ಗಾಯಕರಲ್ಲಿ ಒಬ್ಬರು. ವಿಕಲಚೇತನರಿಗೆ ಕೆಲಸ ಕೊಡುವುದು ಒಂದು ಹೆಜ್ಜೆ. ಅವರ ಕೈಗೆ ಅಧಿಕಾರವನ್ನೂ ಒಪ್ಪಿಸುವುದು ಅದಕ್ಕಿಂತ ದೊಡ್ಡ ಹೆಜ್ಜೆ. ಗದಗ ಆ ಹೆಜ್ಜೆಯನ್ನು 1944ರಲ್ಲೇ ಇಟ್ಟಿತು.

ನಮಗೆ ಕೇಳುವ ಪ್ರಶ್ನೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಅವರಲ್ಲಿ ದುಡಿಮೆಯಲ್ಲಿದ್ದವರು ಶೇಕಡಾ 36 ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಅವರಿಗಿದ್ದ ಮೀಸಲಾತಿಯನ್ನು ಶೇಕಡಾ 3ರಿಂದ 4ಕ್ಕೆ ಏರಿಸಿತು. ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ವಿಕಲಚೇತನರನ್ನೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನಾಗಿ ನೇಮಿಸುವ ಯೋಜನೆಯಿದೆ. ಗವಾಯಿಗಳ ಕಾಲದಲ್ಲಿ ಅಂಧರಿಗೆ ತೆರೆದಿದ್ದ ದೊಡ್ಡ ಬಾಗಿಲು ಸಂಗೀತ. ಇಂದು ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶದಿಂದ ಅಂಧರು ಬ್ಯಾಂಕುಗಳಲ್ಲಿ, ಕಾಲೇಜುಗಳಲ್ಲಿ, ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಆದ್ದರಿಂದ ಅಂಧರೆಲ್ಲ ಹಾಡಲೇಬೇಕು ಎಂಬ ಪಾಠವನ್ನು ನಾವು ಕಲಿಯಬಾರದು. ಪ್ರತಿಯೊಬ್ಬರ ಶಕ್ತಿಯನ್ನು ಗುರುತಿಸಿ, ಅದಕ್ಕೆ ತಕ್ಕ ಗುರುವನ್ನೂ ಕೆಲಸವನ್ನೂ ಹುಡುಕಬೇಕು ಎಂಬುದೇ ಪಾಠ.

ವಿಶ್ವಸಂಸ್ಥೆ ಅಂಗವಿಕಲರ ವರ್ಷವೆಂದು ಘೋಷಿಸಿದ್ದ 1981ರಲ್ಲೇ ಜಗದ್ಗುರು ಎರಡನೇ ಜಾನ್ ಪೌಲರು ಮಾನವ ದುಡಿಮೆಯ ಬಗ್ಗೆ ಒಂದು ವಿಶ್ವಪರಿಪತ್ರ ಬರೆದರು. ಅದರಲ್ಲಿ ಒಂದು ಭಾಗವನ್ನು ವಿಕಲಚೇತನರ ಉದ್ಯೋಗಕ್ಕೇ ಮೀಸಲಿಟ್ಟರು. ಅವರು ಪೂರ್ಣ ಮನುಷ್ಯರು, ದುಡಿಯುವುದು ಅವರ ಹಕ್ಕು ಎಂಬುದು ಧರ್ಮಸಭೆಯ ಅಧಿಕೃತ ಬೋಧನೆ. ಹಾಗಾದರೆ ನಮ್ಮ ಶಾಲೆ, ಆಸ್ಪತ್ರೆ, ಸಹಕಾರಿ ಸಂಘ, ಧರ್ಮಕೇಂದ್ರದ ಕಚೇರಿಗಳಲ್ಲಿ ಎಷ್ಟು ಮಂದಿ ವಿಕಲಚೇತನರು ವೇತನ ಪಡೆಯುತ್ತಿದ್ದಾರೆ? ಗಾಯನ ಮಂಡಳಿಯ ಕೀಬೋರ್ಡ್ ಮುಂದೆ, ಪಾಲನಾ ಮಂಡಳಿಯ ಸಭೆಯಲ್ಲಿ ಅವರಿಗೆ ಜಾಗವಿದೆಯೇ?

ಪ್ರಿಯ ಓದುಗರೇ, ನಿಮ್ಮ ಕಿರು ಕ್ರೈಸ್ತ ಸಮುದಾಯದ ಮುಂದಿನ ಸಭೆಯಲ್ಲಿ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ವಾರ್ಡಿನಲ್ಲಿ ಮನೆಯೊಳಗೇ ಉಳಿದುಹೋದ ವಿಕಲಚೇತನರು ಯಾರಿದ್ದಾರೆ ಎಂದು ಕೇಳಿ ತಿಳಿಯಿರಿ. ಅವರ ಮನೆಗೆ ಹೋಗಿ. ಏನು ಬೇಕು ಎಂದು ಕೇಳುವ ಮೊದಲು ಏನು ಬಲ್ಲಿರಿ ಎಂದು ಕೇಳಿ. ಗುರುತಿನ ಚೀಟಿ ಇಲ್ಲದಿದ್ದರೆ ಮಾಡಿಸಿಕೊಡಿ, ಕಲಿಯುವ ಮನಸ್ಸಿದ್ದರೆ ಒಳ್ಳೆಯ ಗುರುವನ್ನು ಹುಡುಕಿಕೊಡಿ, ಕಲಿತಿದ್ದರೆ ನಿಮಗೆ ತಿಳಿದ ಅಂಗಡಿಯಲ್ಲೋ ಕಚೇರಿಯಲ್ಲೋ ಅವರ ಪರವಾಗಿ ಒಂದು ಮಾತು ಹೇಳಿ. ಪ್ರಭು ಯೇಸು ಬಾರ್ತಿಮಾಯನನ್ನು ಕರೆದು ನಿಲ್ಲಿಸಿದರು. ಅವನು ದಾರಿಬದಿಯ ಜಾಗ ಬಿಟ್ಟು ಅವರೊಡನೆ ಹೆಜ್ಜೆ ಹಾಕಿದ. ಹಾಗೆ ದಾರಿಬದಿಯಿಂದ ಎದ್ದು ಬರಲು ನಮ್ಮ ಕರೆಗಾಗಿ ಕಾಯುತ್ತಿರುವವರು ನಮ್ಮ ನೆರೆಯಲ್ಲೇ ಇದ್ದಾರೆ.